ಅಂಗಳಕ್ಕೆ ತಂದ ಬೆಟ್ಟ

ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ, ಅರ್ಧ ಮಣ್ಣಿನಲ್ಲಿ ಹೂತು, ಮೇಲಿನ ಮೂಲೆಗಳು ಗರಗಸದ ಹಲ್ಲಿನ ಹಾಗೆ ಕಾಣುವಂತೆ ಸಾಲು ಮಾಡಿ, ಆ ಸಾಲಿಗೆ ಸುಣ್ಣ ಬಳಿಯಬೇಕು ಎಂದು ಮೊದಲು ಯೋಚಿಸಿದ ಮಹಾನುಭಾವ ಯಾರೋ ನನಗೆ ಗೊತ್ತಿಲ್ಲ. ಕೈಗೆ ಸಿಕ್ಕಿದ್ದರೆ ನಾಲ್ಕು ಮಾತು ಕೇಳುತ್ತಿದ್ದೆ. ನಾನು ಮದುವೆಯಾಗಿ ಲಕ್ಷ್ಮೀಪುರಂನ ಮನೆ ಸೇರಿದ ಕಾಲಕ್ಕೆ ನಮ್ಮ ಬೀದಿಯ ಒಂದೊಂದು ಕಾಂಪೌಂಡಿನಲ್ಲೂ ಅದೇ ಇಟ್ಟಿಗೆ, ಅದೇ ಸುಣ್ಣ. ಗೇಟಿನಿಂದ ಮೆಟ್ಟಿಲಿನವರೆಗೆ ನೆಟ್ಟಗೆ ಒಂದು ದಾರಿ, ಎಡಕ್ಕೊಂದು ದುಂಡನೆಯ ಪಾತಿ, ಬಲಕ್ಕೊಂದು ದುಂಡನೆಯ ಪಾತಿ, ಕುಂಡಗಳಲ್ಲಿ ಕ್ರೋಟನ್ ಗಿಡ. ಒಂದೇ ಒರಳಿನಲ್ಲಿ ಒತ್ತಿದ ಚಕ್ಕುಲಿಯ ಹಾಗೆ ಮನೆಯಿಂದ ಮನೆಗೆ ವ್ಯತ್ಯಾಸವೇ ಇರಲಿಲ್ಲ. ಇದಕ್ಕೆ ತೋಟ ಎನ್ನುತ್ತಿದ್ದರು. ಬಂದವರು ಹೊಗಳುತ್ತಿದ್ದರು ಕೂಡ.

ನಮ್ಮ ಮನೆ ಆಗಷ್ಟೇ ಕಟ್ಟಿ ಮುಗಿಸಿದ್ದು. ಎರಡು ಮೂರು ವರ್ಷವಾದರೂ ಮುಂದಿನ ಅಂಗಳ ಬರಿದಾಗಿಯೇ ಇತ್ತು. ಮಾವನವರು ಅರಮನೆಯ ಕಚೇರಿಯಲ್ಲಿ ಕೆಲಸಕ್ಕಿದ್ದರು. ಬಹಳ ಒಳ್ಳೆಯವರು, ಗದರಿ ಮಾತಾಡಿದವರಲ್ಲ. ಆದರೆ ನೆಟ್ಟಗಿಲ್ಲದ ವಸ್ತು ಯಾವುದೂ ಅವರ ಕಣ್ಣಿಗೆ ಹಿಡಿಸುತ್ತಿರಲಿಲ್ಲ. ಹಗ್ಗದ ಮೇಲೆ ಒಣಹಾಕಿದ ಪಂಚೆಯ ಎರಡು ತುದಿಯೂ ಸಮ ಇರಬೇಕು. ಊಟದ ಎಲೆ ಹಾಕಿದರೆ ಮೊದಲನೆಯದರಿಂದ ಕೊನೆಯದರವರೆಗೆ ಒಂದು ಸಾಲು ಹಿಡಿಯಬೇಕು. ಅವರು ಅಂಗಳದಲ್ಲಿ ಗೂಟ ನೆಟ್ಟು ದಾರ ಕಟ್ಟಿ, ಯಾವ ಪಾತಿ ಎಲ್ಲಿ ಬರಬೇಕು ಎಂದು ಗುರುತು ಮಾಡಿಸಿಟ್ಟಿದ್ದರು. ಇಟ್ಟಿಗೆ ಬರುವುದೊಂದೇ ಬಾಕಿ.

ಅಷ್ಟರಲ್ಲಿ ಅವರಿಗೆ ಚಳಿಜ್ವರ ಬಂತು. ಮನೆಯವರೆಲ್ಲ ಹೆದರಿಹೋದೆವು. ವಾಸಿಯಾದರೆ ಚಾಮುಂಡಿ ಬೆಟ್ಟದ ಮೆಟ್ಟಿಲಿಗೆಲ್ಲ ಅರಿಸಿನ ಕುಂಕುಮ ಹಚ್ಚುತ್ತೇನೆ ಎಂದು ಅತ್ತೆ ಹರಕೆ ಹೊತ್ತರು. ಜ್ವರ ಬಿಟ್ಟಿತು. ಮಾಘದ ಚಳಿಯಲ್ಲಿ ಒಂದು ಬೆಳಗ್ಗೆ ನಾವಿಬ್ಬರೂ ಹೊರಟೆವು.

ಈ ಹರಕೆ ಮಾಡಿದವರಿಗೆ ಗೊತ್ತು, ಅದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು. ಅತ್ತೆ ಒಂದು ಮೆಟ್ಟಿಲಿಗೆ ಬಗ್ಗುವರು, ಅರಿಸಿನ ಸವರುವರು, ಕುಂಕುಮದ ಬೊಟ್ಟು ಇಡುವರು, ಎದ್ದು ಉಸಿರು ಬಿಡುವರು, ಮತ್ತೆ ಮುಂದಿನ ಮೆಟ್ಟಿಲಿಗೆ ಬಗ್ಗುವರು. ಬಟ್ಟಲು ಹಿಡಿದು ಪಕ್ಕದಲ್ಲಿ ನಿಲ್ಲುವುದು ಮಾತ್ರ ನನ್ನ ಕೆಲಸ. ಬೇರೆ ದಿನ ಏದುಸಿರು ಬಿಡುತ್ತಾ ಹತ್ತಿಹೋಗುವ ದಾರಿಯಲ್ಲಿ ಅಂದು ನನಗೆ ಪಕ್ಕಕ್ಕೆ ತಿರುಗಿ ನೋಡುವಷ್ಟು ಪುರುಸೊತ್ತು ಸಿಕ್ಕಿತು. ನಡುದಾರಿಗೆ ಸ್ವಲ್ಪ ಕೆಳಗೆ, ಎಡಗಡೆಗೆ, ಒಂದು ಇಳಿಜಾರು ಕಂಡಿತು.

ಅಲ್ಲಿ ದೊಡ್ಡದೇನೂ ಇರಲಿಲ್ಲ. ಒಂದಷ್ಟು ಬಂಡೆಗಳು ಒಂದೇ ದಿಕ್ಕಿಗೆ ವಾಲಿಕೊಂಡು ಮಣ್ಣಿನಿಂದ ಮೇಲೆದ್ದಿದ್ದವು. ಅವುಗಳ ಮೈಮೇಲೆ ಕಲ್ಲುಹೂವು ಬೂದು, ಹಸಿರು, ಅಲ್ಲಲ್ಲಿ ಕೇಸರಿ ಬಣ್ಣದ ಮಚ್ಚೆಗಳಾಗಿ ಹಬ್ಬಿತ್ತು. ಸಂದಿಗಳಲ್ಲಿ ಕರಡದ ಹುಲ್ಲು ಒಣಗಿ ಬಂಗಾರದ ಬಣ್ಣಕ್ಕೆ ತಿರುಗಿತ್ತು. ಒಂದು ಬಂಡೆಯ ಬುಡದಲ್ಲಿ ತಂಗಡಿ ಗಿಡ ಹಳದಿ ಹೂ ಬಿಟ್ಟಿತ್ತು, ಇನ್ನೊಂದರ ನೆರಳಿನಲ್ಲಿ ತುಂಬೆ. ನೆಲಕ್ಕಂಟಿಕೊಂಡು ವಿಷ್ಣುಕ್ರಾಂತಿಯ ನೀಲಿ ಹೂ, ಉದ್ದಿನಕಾಳಿನಷ್ಟು ಚಿಕ್ಕದು, ಎಲ್ಲೆಂದರಲ್ಲಿ. ಯಾರೂ ದಾರ ಹಿಡಿದಿರಲಿಲ್ಲ. ಆದರೂ ಯಾವ ಕಲ್ಲನ್ನೂ ಒಂದು ಗೇಣು ಆಚೆ ಸರಿಸುವ ಹಾಗಿರಲಿಲ್ಲ. ನಮ್ಮ ಅಂಗಳ ಹೀಗಿರಬೇಕು ಅನ್ನಿಸಿತು.

"ಎಲ್ಲಿ ನೋಡ್ತಾ ಇದ್ದೀಯೇ? ಬಟ್ಟಲು ಈ ಕಡೆ ಹಿಡಿ," ಅಂದರು ಅತ್ತೆ.

"ಅಲ್ಲಿ ನೋಡಿ ಅತ್ತೆ, ಎಷ್ಟು ಚೆನ್ನಾಗಿದೆ."

ಅತ್ತೆ ಸೊಂಟಕ್ಕೆ ಕೈಕೊಟ್ಟು ನೆಟ್ಟಗಾಗಿ ನಾನು ತೋರಿಸಿದ ಕಡೆ ನೋಡಿದರು. "ಏನಿದೆ ಅಲ್ಲಿ? ಬರೀ ಕಲ್ಲು," ಅಂದು ಮುಂದಿನ ಮೆಟ್ಟಿಲಿಗೆ ಬಗ್ಗಿದರು.

ಆಗಲೇ ನಾನು ಸುಮ್ಮನಾಗಿದ್ದರೆ ನೆಮ್ಮದಿಯಾಗಿರುತ್ತಿದ್ದೆ. ಆದರೆ ಆ ಇಳಿಜಾರು ತಲೆಯಲ್ಲಿ ಹೊಕ್ಕು ಕೂತುಬಿಟ್ಟಿತು. ಮನೆಗೆ ಬಂದ ಮೇಲೆ ಎರಡು ಮೂರು ದಿನ ಧೈರ್ಯ ಕೂಡಿಸಿಕೊಂಡು, ಮೊದಲು ನನ್ನ ಯಜಮಾನರ ಹತ್ತಿರ ಹೇಳಿದೆ. ಅವರು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಕ್ಲಾಸಿನಲ್ಲಿ ಗಂಟೆಗಟ್ಟಲೆ ಮಾತಾಡುವವರು, ಮನೆಗೆ ಬಂದರೆ ಅಪ್ಪನ ಮುಂದೆ ಬಾಯಿಯೇ ಬರುತ್ತಿರಲಿಲ್ಲ. "ಒಳ್ಳೇ ಯೋಚನೆ. ಅಪ್ಪನ್ನ ಕೇಳು," ಅಂದರು. ಕೇಳುವುದಕ್ಕೆ ಜೊತೆಗೆ ಬನ್ನಿ ಎಂದರೆ ಪರೀಕ್ಷೆಯ ಪೇಪರು ತಿದ್ದುವುದಿದೆ ಎಂದರು. ಸಿಟ್ಟು ಬಂತು. ನಾನೇ ಹೋಗಿ ಕೇಳಿದೆ.

ಮಾವನವರು ಕೋಪ ಮಾಡಲಿಲ್ಲ. ಮಾಡಿದ್ದರೆ ಒಂದು ಲೆಕ್ಕಕ್ಕೆ ಸುಲಭವಾಗುತ್ತಿತ್ತು. ನಕ್ಕರು. "ಬೆಟ್ಟ ಬೇಕು ಅಂದ್ರೆ ಬೆಟ್ಟಕ್ಕೇ ಹೋಗಬಹುದಲ್ಲಮ್ಮ. ಬಾಗಿಲು ತೆಗೆದರೆ ಕಣ್ಣೆದುರಿಗೇ ಇದೆ. ಅದನ್ನ ಮನೆ ಮುಂದೆ ತಂದು ಗುಡ್ಡೆ ಹಾಕೋದು ಯಾಕೆ?"

"ಗೊಂಬೆ ಮುಂದೆ ನಾನು ಬೆಟ್ಟ ಮಾಡ್ತೀನಲ್ಲ ಮಾವ. ನೀವೇ ಎಲ್ಲರನ್ನೂ ಕರೆದು ತೋರಿಸ್ತೀರಿ."

ಈ ಮಾತು ನಿಜ. ದಸರಾಕ್ಕೆ ನಮ್ಮಲ್ಲಿ ಗೊಂಬೆ ಕೂರಿಸಿದಾಗ, ಪಟ್ಟದ ಗೊಂಬೆಗಳ ಮೆಟ್ಟಿಲಿನ ಕೆಳಗೆ ನೆಲದ ಮೇಲೆ ಒಂದು ಪಾರ್ಕು ಮಾಡುವ ರೂಢಿ. ತಟ್ಟೆಯಲ್ಲಿ ರಾಗಿ ಚೆಲ್ಲಿ ಮೊಳಕೆ ಬರಿಸಿದರೆ ಹುಲ್ಲು, ಕನ್ನಡಿ ಇಟ್ಟರೆ ಕೊಳ, ಹಸಿಮಣ್ಣು ಮೆತ್ತಿದರೆ ಬೆಟ್ಟ. ಮದುವೆಯಾದ ವರ್ಷದಿಂದ ಆ ಬೆಟ್ಟ ನನ್ನ ಪಾಲಿಗೆ ಬಂದಿತ್ತು. ಮಣ್ಣು ಒದ್ದೆಯಿರುವಾಗಲೇ ಕಡ್ಡಿಯಲ್ಲಿ ಮೆಟ್ಟಿಲು ಗೀರಿ, ಬೆಣಚುಕಲ್ಲು ಚುಚ್ಚಿ, ರಾಗಿಯನ್ನು ಅಲ್ಲಿ ದಟ್ಟ ಇಲ್ಲಿ ತೆಳು ಮಾಡಿ ಚೆಲ್ಲುತ್ತಿದ್ದೆ. ಆರತಿಗೆ ಬಂದವರೆಲ್ಲ ಗೊಂಬೆ ಬಿಟ್ಟು ಬೆಟ್ಟದ ಮುಂದೆ ಕೂರುತ್ತಿದ್ದರು. "ಥೇಟ್ ಬೆಟ್ಟವೇ ಕಣ್ರೀ, ನಮ್ಮ ಸೊಸೆ ಮಾಡಿದ್ದು," ಎಂದು ಮಾವನವರು ಗೆಳೆಯರಿಗೆ ಹೇಳಿಕೊಳ್ಳುತ್ತಿದ್ದರು.

"ಅದು ಆಟ ಕಣಮ್ಮ," ಅಂದರು ಅವರು ಈಗ. "ಹಬ್ಬ ಮುಗಿದ ಮೇಲೆ ತೆಗೆದುಬಿಡ್ತೀವಿ. ಇದು ಮನೆ."

ಒಂದು ಮೊಳ ಎತ್ತರ ಇದ್ದರೆ ಕಲೆ, ಅಂಗಳದಷ್ಟು ಅಗಲ ಆದರೆ ಹುಚ್ಚು. ಈ ಲೆಕ್ಕ ನನಗೆ ಇಂದಿಗೂ ಅರ್ಥವಾಗಿಲ್ಲ. ಅಷ್ಟರಲ್ಲಿ ಒಳಗಿನಿಂದ ಅತ್ತೆ ಬಂದರು. ಕಲ್ಲಿನ ವಿಷಯ ಅವರಿಗೂ ಪಥ್ಯವಾಗಿರಲಿಲ್ಲ, ಆದರೆ ನನ್ನ ಮುಖ ನೋಡಿದರು. "ಏನೋ ಆಸೆ ಪಡ್ತಾ ಇದ್ದಾಳೆ. ದಸರಾವರೆಗೂ ಅವಳ ಇಷ್ಟದ ಹಾಗೆ ಮಾಡ್ಲಿ ಬಿಡಿ. ಹಬ್ಬಕ್ಕೆ ಬಂದೋರು ನೋಡಿ ಚೆನ್ನಾಗಿದೆ ಅಂದ್ರೆ ಇರ್ಲಿ. ಇಲ್ದಿದ್ರೆ ವಿಜಯದಶಮಿ ಆದ ಮಾರನೇ ದಿನ ನಿಮ್ಮ ಇಟ್ಟಿಗೆ ಹಾಕಿಸಿ," ಅಂದರು. ಮಾವನವರು ಒಪ್ಪಿದರು. ದಾರದ ಗೂಟಗಳನ್ನು ಅವರೇ ಕಿತ್ತು ಒಳಗಿಟ್ಟರು. ಎಸೆಯಲಿಲ್ಲ ಎಂಬುದನ್ನು ನಾನು ಗಮನಿಸಿದೆ.

ಬೆಟ್ಟದ ತಪ್ಪಲಿನಲ್ಲಿ ಆಗ ಒಂದು ರಸ್ತೆಗಾಗಿ ನೆಲ ಸಮ ಮಾಡುತ್ತಿದ್ದರು. ಎಬ್ಬಿಸಿದ ಕಲ್ಲುಗಳನ್ನು ಪಕ್ಕಕ್ಕೆ ಉರುಳಿಸಿದ್ದರು. ಮೇಸ್ತ್ರಿಯನ್ನು ಕೇಳಿ, ಕಲ್ಲುಹೂವು ಹಿಡಿದವನ್ನೇ ಆರಿಸಿ ಎತ್ತಿನ ಗಾಡಿಯಲ್ಲಿ ತರಿಸಿದೆ. ಆಳುಗಳು ಅಂಗಳದಲ್ಲಿ ಇಳಿಸಿದರು. ನಾನು ಹೇಳಿದ ಕಡೆಯೇ ಇಟ್ಟರು. ಅವರು ಹೋದ ಮೇಲೆ ಗೇಟಿನ ಹತ್ತಿರ ನಿಂತು ನೋಡಿದೆ. ಸಂತೆಯಲ್ಲಿ ಮೂಟೆ ಇಳಿಸಿದ ಹಾಗೆ ಒಂದೊಂದು ಕಲ್ಲೂ ನೆಲದ ಮೇಲೆ ಕುಕ್ಕರುಬಡಿದಿತ್ತು. ಬೀದಿಯಲ್ಲಿ ಹೋಗುವವರು, "ಇನ್ನೊಂದು ರೂಮು ಕಟ್ಟಿಸ್ತಾ ಇದ್ದೀರಾ?" ಎಂದು ಕೇಳತೊಡಗಿದರು. ಮಾವನವರು ಪ್ರತಿಸಲವೂ ಸಾವಧಾನವಾಗಿ "ಇಲ್ಲ ಸ್ವಾಮಿ, ಇದು ತೋಟ," ಎಂದು ಉತ್ತರ ಕೊಡುವುದು ಕೇಳಿಸುತ್ತಿತ್ತು. ನಾನು ಒಳಗೆ ಹಲ್ಲು ಕಚ್ಚಿಕೊಂಡು ಸೊಪ್ಪು ಬಿಡಿಸುತ್ತಿದ್ದೆ.

ಏನು ತಪ್ಪಾಗಿದೆ ಎಂದು ತಿಳಿಯಲು ಯಜಮಾನರನ್ನು ಎಳೆದುಕೊಂಡು ಮತ್ತೆ ಬೆಟ್ಟಕ್ಕೆ ಹೋದೆ. ಅವರು ಮೆಟ್ಟಿಲ ಮೇಲೆ ಕೂತು ಪುಸ್ತಕ ತೆಗೆದರು. ನಾನು ಸೆರಗು ಸಿಕ್ಕಿಸಿಕೊಂಡು ಆ ಇಳಿಜಾರಿನೊಳಗೇ ಇಳಿದೆ. ಬಂಡೆಯ ಬುಡದ ಮಣ್ಣನ್ನು ಕೈಯಿಂದ ಕೆದಕಿದೆ. ಎಷ್ಟು ಕೆದಕಿದರೂ ಬುಡ ಸಿಗಲಿಲ್ಲ. ನಾವು ಬಂಡೆ ಎಂದು ನೋಡುವುದು ಅದರ ನೆತ್ತಿ ಮಾತ್ರ, ಉಳಿದ ಮೈಯೆಲ್ಲ ಒಳಗಿದೆ. ವಾಲಿದ ಕಡೆಯಲ್ಲಿ ಮಣ್ಣು ತಗ್ಗು, ಎದುರು ಕಡೆಯಲ್ಲಿ ಎತ್ತರ. ಮಳೆಯ ನೀರು ಹರಿದು ಬಂದು ಎತ್ತರದ ಕಡೆ ಮಣ್ಣು ನಿಲ್ಲಿಸಿ ಹೋಗುತ್ತದೆ, ಆದ್ದರಿಂದ ಗಿಡಗಳೂ ಆ ಕಡೆಯೇ ಹೆಚ್ಚು. ಕಲ್ಲುಹೂವು ಎಲ್ಲ ಕಡೆಯೂ ಒಂದೇ ಸಮ ಇಲ್ಲ, ಬಿಸಿಲು ಕಡಿಮೆ ಬೀಳುವ ಮಗ್ಗುಲಿಗೆ ದಪ್ಪ. ಇಷ್ಟು ತಿಳಿಯುವ ಹೊತ್ತಿಗೆ ನನ್ನ ಸೀರೆಯ ತುಂಬ ಹುಲ್ಲಿನ ಮುಳ್ಳು. ಮೆಟ್ಟಿಲು ಹತ್ತುತ್ತಿದ್ದ ಒಂದು ಸಂಸಾರ ನಿಂತು ನನ್ನನ್ನೇ ನೋಡುತ್ತಿತ್ತು. ಯಜಮಾನರು ಪುಸ್ತಕದಿಂದ ಮುಖ ಎತ್ತಲಿಲ್ಲ, ನನ್ನ ಪರಿಚಯವೇ ಇಲ್ಲದವರ ಹಾಗೆ.

ಮನೆಗೆ ಬಂದು ಆಳುಗಳನ್ನು ಮತ್ತೆ ಕರೆಸಿದೆ. ಗುಂಡಿ ತೋಡಿಸಿ, ತೆಗೆದ ಮಣ್ಣಿನಿಂದ ಅಂಗಳವನ್ನು ಇಳಿಜಾರು ಮಾಡಿಸಿ, ಪ್ರತಿಯೊಂದು ಕಲ್ಲನ್ನೂ ಮುಕ್ಕಾಲು ಪಾಲು ಹೂಳಿಸಿದೆ, ಎಲ್ಲವನ್ನೂ ಒಂದೇ ಕಡೆಗೆ ವಾಲಿಸಿ, ಕಲ್ಲುಹೂವಿನ ಮಗ್ಗುಲು ಬೆಟ್ಟದಲ್ಲಿದ್ದ ದಿಕ್ಕಿಗೇ ಇರುವಂತೆ. "ಅಷ್ಟು ದೂರದಿಂದ ತರಿಸಿ ಹೂಳೋದಾದ್ರೆ ತರಿಸಿದ್ದು ಯಾಕವ್ವಾ?" ಎಂದು ಆಳು ಕೇಳಿದ. ಮಾವನವರು ಕೆಮ್ಮಿ ಒಳಗೆ ಹೋದರು.

ಜ್ಯೇಷ್ಠದಲ್ಲಿ ಮಳೆ ಹಿಡಿಯಿತು. ಬೆಟ್ಟದಿಂದ ತಂದ ಕರಡದ ಬುಡಗಳು ಚಿಗುರಿದವು, ತುಂಬೆ ತಾನಾಗಿ ಎದ್ದಿತು. ಆಗ ಶುರುವಾಯಿತು ನಿಜವಾದ ಕಾಟ. ತುಂಬೆ ಹೂ ಶಿವನಿಗೆ ಪ್ರಿಯ ಎಂದು ನಮ್ಮ ಬೀದಿಯ ಅಜ್ಜಿಯಂದಿರೆಲ್ಲ ಬೆಳಗಾಗುವ ಮೊದಲೇ ಬುಟ್ಟಿ ಹಿಡಿದು ಬರುತ್ತಿದ್ದರು. ನಾನು ಹಲ್ಲುಜ್ಜಿ ಹೊರಗೆ ಬರುವಷ್ಟರಲ್ಲಿ ಗಿಡ ಬೋಳು. ವಿಷ್ಣುಕ್ರಾಂತಿಯನ್ನು ಬೇರು ಸಮೇತ ಯಾರೋ ಔಷಧಿಗೆ ಕಿತ್ತರು. ಹಾಲಿನವಳು ತನ್ನ ಹಸುವನ್ನು ಮನೆ ಮುಂದೆಯೇ ತಂದು ಕರೆದುಕೊಡುತ್ತಿದ್ದಳು, ಅದು ನಿಂತ ಹಾಗೇ ಕತ್ತು ನೀಡಿ ಕರಡವನ್ನು ಮೇಯುತ್ತಿತ್ತು. ಎದುರುಮನೆಯವರು ಕನಿಕರದಿಂದ ತಮ್ಮ ತೋಟದ ಮಾಲಿಯನ್ನು ಕಳಿಸಿದರು. ನಾನು ಊಟಕ್ಕೆ ಕೂತಿದ್ದಾಗ ಅವನು ಬಂದು ಅರ್ಧ ಇಳಿಜಾರನ್ನು ಕಳೆ ತೆಗೆದು, ಕಿತ್ತದ್ದನ್ನು ಗೇಟಿನ ಹತ್ತಿರ ಅಚ್ಚುಕಟ್ಟಾಗಿ ಕಂತೆ ಕಟ್ಟಿ ಇಟ್ಟು ಹೋಗಿದ್ದ. ಆವತ್ತು ನನಗೆ ಅನ್ನ ಸೇರಲಿಲ್ಲ. ಒಬ್ಬರ ಮನೆಯ ದುಂಡು ಪಾತಿಗೆ ನಾನು ಕೈ ಹಾಕಿದ್ದೆನೇ? ಕ್ರೋಟನ್ ಕಿತ್ತು ಕಂತೆ ಕಟ್ಟಿದ್ದೆನೇ?

ಮತ್ತೆ ನೆಟ್ಟೆ. ಅಕ್ಕಿ ತೊಳೆದ ನೀರನ್ನು ದಿನವೂ ಕಲ್ಲುಗಳ ಮೇಲೆ ಚಿಮುಕಿಸಿದೆ, ಕಲ್ಲುಹೂವು ಬಾಡದಿರಲಿ ಎಂದು. ಶ್ರಾವಣ ಕಳೆಯಿತು, ಭಾದ್ರಪದ ಬಂತು. ಗೌರಿ ಹಬ್ಬ ಆದಮೇಲೆ ಒಂದು ಬೆಳಗ್ಗೆ ರಂಗೋಲಿ ಹಾಕಿ ಎದ್ದು ತಿರುಗಿದೆ. ಹಿಂದಿನ ಸಂಜೆ ಮಳೆ ಬಂದು ಹೋಗಿತ್ತು. ಕಲ್ಲುಗಳು ನೆಲದೊಳಗಿಂದ ಎದ್ದ ಹಾಗೇ ಕಂಡವು. ಒದ್ದೆಯಾದ ಕಲ್ಲುಹೂವು ಹಸಿರಾಗಿ ಉಬ್ಬಿತ್ತು. ಹುಲ್ಲಿನ ತೆನೆಗಳ ಮೇಲೆ ನೀರಹನಿ. ನಾನು ಎಲ್ಲಿಂದ ನೋಡಿದರೂ ಬೆಟ್ಟದ ಆ ಇಳಿಜಾರೇ ಅಲ್ಲಿತ್ತು. ತುಂಬ ಸಂತೋಷವಾಯಿತು. ಆರೇಳು ತಿಂಗಳಲ್ಲಿ ಮೊದಲನೇ ಸಲ, ದಸರಾ ಬೇಗ ಬರಲಿ ಅನ್ನಿಸಿತು.

ನವರಾತ್ರಿಗೆ ಮುಂಚೆ ಮೈಸೂರಿನಲ್ಲಿ ಎಲ್ಲ ಮನೆಗಳಿಗೂ ಸುಣ್ಣ ಹೊಡೆಸುತ್ತಿದ್ದರು. ನಮ್ಮ ಮನೆಗೂ ಆಳು ಬಂದ. ಅದೇ ದಿನ ಅತ್ತೆ ನನ್ನನ್ನು ಕೋಟೆಯ ಹತ್ತಿರದ ತವರಿಗೆ ಕಳಿಸಿದರು. ನನ್ನ ಅಮ್ಮ ಹೊಸದಾಗಿ ಕೆಲವು ಗೊಂಬೆ ಕೊಡುತ್ತೇನೆ ಎಂದಿದ್ದಳು. ಊಟ ಮುಗಿಸಿ, ಗೊಂಬೆಗಳನ್ನು ಹಳೇ ಸೀರೆಯಲ್ಲಿ ಸುತ್ತಿ ಜಟಕಾದಲ್ಲಿ ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಗೇಟು ತೆಗೆದವಳು ಅಲ್ಲೇ ನಿಂತುಬಿಟ್ಟೆ.

ಕಲ್ಲುಗಳೆಲ್ಲ ಬೆಳ್ಳಗಿದ್ದವು. ಒಂದೂ ಬಿಡದೆ. ಬರೀ ಬಿಳುಪಲ್ಲ, ಪ್ರತಿಯೊಂದರ ಮೇಲೂ ತುಳಸಿಕಟ್ಟೆಗೆ ಬಳಿಯುವ ಹಾಗೆ ಕೆಮ್ಮಣ್ಣಿನ ಪಟ್ಟೆ. ಸುಣ್ಣ ತಾಗದಿರಲಿ ಎಂದು ಸುತ್ತಲಿನ ಹುಲ್ಲನ್ನು ಬುಡಕ್ಕೆ ಕುಯ್ದಿದ್ದರು. ಬಿಸಿಲಿಗೆ ಕಣ್ಣು ಚುಚ್ಚುವಷ್ಟು ಹೊಳೆಯುತ್ತಿದ್ದವು.

ಆಳು ಕುಂಚ ತೊಳೆಯುತ್ತಿದ್ದ. "ಏನು ಮಾಡಿದೆಯಪ್ಪಾ ಇದು?" ಎಂದೆ. ಅವನು ಗಾಬರಿಯಾದ. "ಅಮ್ಮಾವ್ರೇ ಯೋಳಿದ್ರು ಕಣವ್ವಾ, ಒಂದ್ ಕಲ್ಲೂ ಬುಡಬೇಡ ಅಂತ. ಪಟ್ಟೆ ಅವರೇ ಬಳ್ದವ್ರೆ."

ಅತ್ತೆ ಹಿತ್ತಲಿನಿಂದ ಬಂದರು. ಮೊಣಕೈವರೆಗೂ ಕೆಮ್ಮಣ್ಣು, ಹಣೆಯ ಮೇಲೆ ಬೆವರು, ಮುಖದಲ್ಲಿ ನಗು. "ಬಂದ್ಯಾ? ಹೇಗಿದೆ ಹೇಳು. ಪಾಪ, ಆರು ತಿಂಗಳು ಒದ್ದಾಡಿದ್ದೀಯ. ಕಲ್ಲು ನೋಡಿದ್ರೆ ಕರ್ರಗೆ, ಮೈಯೆಲ್ಲ ಪಾಚಿ ಹಿಡಿದು ಕೂತಿದ್ವು. ಬಂದೋರು ಆಡಿಕೊಂಡು ಹೋದ್ರೆ ಇವರು ಇಟ್ಟಿಗೆ ಹಾಕಿಸಿಬಿಡ್ತಾರೆ. ಅದಕ್ಕೇ ನಾನೇ ಕೂತು ಪಟ್ಟೆ ಬಳಿದೆ ಕಣೇ. ಸೊಂಟ ಹಿಡ್ಕೊಂಡುಬಿಟ್ಟಿದೆ."

ನನಗೆ ಕೂಗಾಡಬೇಕು ಅನ್ನಿಸಿತು. ಮೈಯೆಲ್ಲ ಉರಿಯುತ್ತಿತ್ತು. ಆದರೆ ಈ ಅಂಗಳವನ್ನು ನನಗೆ ಕೊಡಿಸಿದವರು ಅವರು. ಈಗ ಅದನ್ನು ಉಳಿಸಿಕೊಡಲು ಸೊಂಟ ಮುರಿದುಕೊಂಡವರೂ ಅವರೇ. ಅಂಥವರನ್ನು ಬಯ್ಯುವುದಾದರೂ ಹೇಗೆ? ಗೊಂಬೆಗಳನ್ನು ಅವರ ಕೈಗೆ ಕೊಟ್ಟು ಅಡುಗೆಮನೆಗೆ ಹೋಗಿ, ಬಾಗಿಲು ಓರೆ ಮಾಡಿಕೊಂಡು ಅತ್ತುಬಿಟ್ಟೆ. ಸಂಜೆ ಅವರು ಭಜನೆಗೆ ಹೋದಾಗ ನೀರು, ತೆಂಗಿನನಾರು ತೆಗೆದುಕೊಂಡು ಒಂದು ಕಲ್ಲನ್ನು ಉಜ್ಜಿ ನೋಡಿದೆ. ಸುಣ್ಣದ ಜೊತೆಗೆ ಕಲ್ಲುಹೂವೂ ಪುಡಿಯಾಗಿ ಕಳಚಿ ಬಂತು. ಎಷ್ಟು ವರ್ಷ ಹಿಡಿದಿತ್ತೋ ಅದು ಬೆಳೆಯಲು, ನನ್ನ ಅಜ್ಜಿ ಹುಟ್ಟುವ ಮುಂಚೆಯಿಂದಲೂ ಇತ್ತೇನೋ. ಅಲ್ಲಿಗೇ ಬಿಟ್ಟು ಕೈ ತೊಳೆದುಕೊಂಡೆ.

ಮಾವನವರು ಕಚೇರಿಯಿಂದ ಬಂದವರು ಗೇಟಿನಲ್ಲಿ ನಿಂತರು. ಛತ್ರಿ ಮಡಚಿದರು. ಬಹಳ ಹೊತ್ತು ನೋಡಿ, "ಈಗ ತೋಟದ ಹಾಗಿದೆ," ಅಂದರು.

ಹಬ್ಬಕ್ಕೆ ಬಂದವರೂ ಅದನ್ನೇ ಅಂದರು. ಜಂಬೂ ಸವಾರಿ ನೋಡಲು ಬಂದ ನೆಂಟರು, ಆರತಿಗೆ ಬಂದ ಹೆಂಗಸರು, ಮಾವನವರ ಕಚೇರಿಯ ಗೆಳೆಯರು, ಒಬ್ಬರೂ ಸುಮ್ಮನೆ ಒಳಗೆ ಬರಲಿಲ್ಲ. ಎಷ್ಟು ಲಕ್ಷಣವಾಗಿದೆ, ಯಾರ ಯೋಚನೆ, ಕಲ್ಲಿಗೆ ಪಟ್ಟೆ ಬಳಿಯುವುದು ನಮಗೆ ಹೊಳೆದೇ ಇರಲಿಲ್ಲ ಎನ್ನುವವರೇ ಎಲ್ಲ. "ಎಲ್ಲ ನಮ್ಮ ಸೊಸೆಯದು. ನಾನು ಪಟ್ಟೆ ಬಳಿದೆ ಅಷ್ಟೇ," ಎಂದು ಅತ್ತೆ ಹೇಳಿ ಹೇಳಿ ಅವರ ಬಾಯಿ ನೋಯಲಿಲ್ಲ, ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿಯಿತು. ಒಳಗೆ ಗೊಂಬೆಗಳ ಮುಂದೆ ನನ್ನ ಮಣ್ಣಿನ ಬೆಟ್ಟ ರಾಗಿಹುಲ್ಲು ಹೊದ್ದು ಎಂದಿನ ಹಾಗೇ ಇತ್ತು. ಅದನ್ನೂ ಹೊಗಳಿದರು. ಎರಡೂ ಒಂದೇ ಬೆಟ್ಟ ಎಂದು ಯಾರಿಗೂ ಅನ್ನಿಸಲಿಲ್ಲ.

ವಿಜಯದಶಮಿಯ ಮಾರನೇ ದಿನ ಮಾವನವರು ಆ ದಾರದ ಗೂಟಗಳನ್ನು ಒಲೆಗೆ ಹಾಕಲು ಕೊಟ್ಟರು. "ಅಂಗಳ ಇನ್ನು ನಿನ್ನದೇ ಕಣಮ್ಮ," ಅಂದರು. "ಗೆದ್ದೆಯಲ್ಲ," ಅಂದರು ಯಜಮಾನರು. ಅವರ ಮುಖ ನೋಡದೆ ಗೂಟಗಳನ್ನು ಒಲೆಗೆ ತುರುಕಿದೆ.

ಮರುವರ್ಷ ನನಗೆ ಮಗಳು ಹುಟ್ಟಿದಳು. ಹೆರಿಗೆ ಕಷ್ಟವಾಗಿತ್ತು. ಅತ್ತೆ ಮತ್ತೆ ಮೆಟ್ಟಿಲಿನ ಹರಕೆ ಹೊತ್ತಿದ್ದರು. ಕೂಸನ್ನು ಅಮ್ಮನ ಹತ್ತಿರ ಬಿಟ್ಟು ನಾವಿಬ್ಬರೂ ಹೋದೆವು. ಅವರಿಗೆ ಆಗಲೇ ಮಂಡಿನೋವು ಶುರುವಾಗಿತ್ತು, ಪ್ರತಿ ಮೆಟ್ಟಿಲಿಗೂ ನನ್ನ ಭುಜ ಹಿಡಿದು ಏಳುತ್ತಿದ್ದರು. ನಾನು ಬಟ್ಟಲು ಹಿಡಿದು ನೆಲ ನೋಡಿಕೊಂಡೇ ಹತ್ತುತ್ತಿದ್ದೆ. ಎಡಗಡೆ ತಿರುಗಬಾರದು ಎಂದು ಮನೆಯಿಂದಲೇ ತೀರ್ಮಾನ ಮಾಡಿಕೊಂಡು ಬಂದಿದ್ದೆ.

ನಿಂತವರು ಅತ್ತೆಯೇ. ನನ್ನ ಭುಜದ ಮೇಲೆ ಕೈಯಿಟ್ಟು ಆ ಇಳಿಜಾರಿನ ಕಡೆ ತಿರುಗಿದರು. ಕರಡ ಬಂಗಾರದ ಬಣ್ಣಕ್ಕೆ ಬಂದಿತ್ತು. ತಂಗಡಿ ಹೂ ಬಿಟ್ಟಿತ್ತು. ಬಂಡೆಗಳು ಹಾಗೇ ವಾಲಿಕೊಂಡು, ಕಲ್ಲುಹೂವು ಹೊದ್ದುಕೊಂಡು, ಇದ್ದಲ್ಲೇ ಇದ್ದವು. ಅತ್ತೆ ಒಂದು ಬಂಡೆಯಿಂದ ಇನ್ನೊಂದಕ್ಕೆ ಕಣ್ಣು ಆಡಿಸುತ್ತಾ, ನಿಧಾನವಾಗಿ, ಮೇಲಿನಿಂದ ಕೆಳಗಿನವರೆಗೆ ನೋಡಿದರು. ಅವರ ಮುಖದಲ್ಲಿ ಏನೋ ಹೊಳೆದ ಹಾಗಿತ್ತು. ಕಂಡಿತು ಇವರಿಗೆ, ಕೊನೆಗೂ ಕಂಡಿತು ಎಂದುಕೊಂಡೆ. ಒಂದು ವರ್ಷದ ಸಿಟ್ಟು ಆ ಗಳಿಗೆಯಲ್ಲಿ ಕರಗಿಹೋಯಿತು ಎಂದರೂ ತಪ್ಪಿಲ್ಲ.

"ನೀನು ಆವತ್ತು ತೋರಿಸಿದ್ದು ಇದೇ ಅಲ್ವೇನೇ?" ಅಂದರು.

"ಹೌದು ಅತ್ತೆ. ಇದೇ."

"ಅದೇ ಅಂದ್ಕೊಂಡೆ. ಕಲ್ಲುಗಳೆಲ್ಲ ಹಂಗೇ ಕೂತಿವೆ ನೋಡು." ಅವರು ನನ್ನ ಕೆನ್ನೆ ಸವರಿದರು. ಬೆರಳಿನ ಅರಿಸಿನ ಹತ್ತಿತು. "ಯಾರಾದ್ರೂ ಪುಣ್ಯಾತ್ಮರು ಇದಕ್ಕೂ ಒಂದು ಸಲ ಸುಣ್ಣ ಹೊಡೆಸಿದ್ರೆ, ನಿನ್ನ ತೋಟದ ಹಾಗೇ ಕಾಣ್ತಿತ್ತು ಕಣಮ್ಮ."

ನಾನು ಬಟ್ಟಲನ್ನು ಮುಂದಕ್ಕೆ ಹಿಡಿದೆ. ಅವರು ಮುಂದಿನ ಮೆಟ್ಟಿಲಿಗೆ ಬಗ್ಗಿದರು.